ಗೃಹಾರೋಗ್ಯ: ಲಜ್ಜೆಯೂ ಔಷಧವೂ

ಬಿಳಿಸೆರಗಿನ ಬಾಧೆಯನ್ನು ನಮ್ಮ ಗೃಹಿಣಿಯರು ಲಜ್ಜೆಯಿಂದ ಮರೆಮಾಚುವುದುಂಟು. ಚರಕಸಂಹಿತೆಯ ಚಿಕಿತ್ಸಾಸ್ಥಾನವಾದರೋ 20 ಬಗೆಯ ಯೋನಿವ್ಯಾಪತ್ತುಗಳನ್ನು ಸಂಕೋಚವಿಲ್ಲದೆ ವಿವರಿಸಿರುವುದು.

ಮೊಸರಿನ ಗರಣೆಯಂಥ ಸ್ರಾವವೂ ತುರಿಕೆಯೂ ಇದ್ದರೆ ಅದು ಪ್ರಾಯಶಃ ಶಿಲೀಂಧ್ರದ ಸೋಂಕು. ಸ್ರಾವವು ತೆಳುವಾಗಿ, ಬೂದುಬಣ್ಣವಾಗಿ, ಮೀನಿನ ವಾಸನೆಯಿಂದ ಕೂಡಿದ್ದರೆ ಬ್ಯಾಕ್ಟೀರಿಯಾದ್ದು. ಎರಡೂ ಕೂಡಿಬರುವುದುಂಟು. ಆದುದರಿಂದಲೇ ಕ್ಲಿಂಡಮೈಸಿನ್, ಕ್ಲೋಟ್ರಿಮಜೋಲ್‌ಗಳನ್ನು ಬೆರೆಸಿದ, ಒಳಗಿಡುವ ಗುಳಿಗೆಗಳು ಬಂದಿವೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಇದಕ್ಕೆಂದು ರೂಪಿಸಿದ ಹಸುರು ಪೊಟ್ಟಣದಲ್ಲಿಯೂ ನುಂಗತಕ್ಕ 2 ಗ್ರಾಂ ಸೆಕ್ನಿಡಜೋಲ್, 150 ಮಿಲಿಗ್ರಾಂ ಫ್ಲುಕೊನಜೋಲ್ ಜೊತೆಗೂಡಿವೆ.

ಆದರೆ ಜಯನಗರದ ನಾಲ್ಕನೆಯ ಬ್ಲಾಕಿನ ಔಷಧದಂಗಡಿಯಲ್ಲಿ ಹೆಸರು ಹೇಳಿ ಕೊಳ್ಳತಕ್ಕ ವಸ್ತು ಇದಲ್ಲ. ಅನಾವಶ್ಯಕವಾದ ಪ್ರತಿಜೀವಕವು ದೇಹವನ್ನು ಕಾಯುವ ಲ್ಯಾಕ್ಟೋಬ್ಯಾಸಿಲಸ್ ಜೀವಾಣುಗಳನ್ನೂ ಕೊಂದು ಶಿಲೀಂಧ್ರಕ್ಕೇ ಎಡೆಮಾಡಿಕೊಡುವುದು. ಮೊದಲು ಪರೀಕ್ಷೆ, ಬಳಿಕ ಔಷಧ. ಗರ್ಭಿಣಿಯರೂ ಸಕ್ಕರೆ ರೋಗವುಳ್ಳವರೂ ಪದೇ ಪದೇ ಬಳಲುವವರೂ ವಿಶೇಷವಾಗಿ ಜಯನಗರ ಜನರಲ್ ಆಸ್ಪತ್ರೆಯಂಥ ಕಡೆ ಸ್ತ್ರೀರೋಗತಜ್ಞರನ್ನು ಕಾಣತಕ್ಕದ್ದು. ಟ್ರೈಕೊಮೊನಾಸ್ ಎಂಬ ಜೀವಾಣು ಕಂಡುಬಂದರೆ ಪತಿಗೂ ಚಿಕಿತ್ಸೆ ಅವಶ್ಯ. ಬಾಧೆ ಇಳಿಯಿತೆಂದು ಔಷಧವನ್ನು ನಡುವೆ ನಿಲ್ಲಿಸಬಾರದು.

ಮನೆಯ ಹೆಂಗಸರು ಇದನ್ನು ಅಳುಕದೆ ಹೇಳುವಂತೆ ನಡೆದುಕೊಳ್ಳುವುದು ಗೃಹಸ್ಥರ ಧರ್ಮವೆಂದು ನಾವು ಭಾವಿಸುತ್ತೇವೆ.