ಕೈಮರಕ್ಕೆ ಒಡೆಯನಾರು?

ನಮ್ಮ ಊರ ಕಡೆ ದಾರಿ ಕವಲೊಡೆಯುವಲ್ಲಿ ಒಂದು ಕಂಬ ನೆಟ್ಟು, ಚಾಚಿದ ಕೈಯಂತೆ ಅದಕ್ಕೆ ಹಲಗೆ ಬಡಿದು, ಇಂಥ ಊರಿಗೆ ಇಷ್ಟು ಮೈಲಿ ಎಂದು ಬರೆಯುತ್ತಿದ್ದರು. ಜನ ಅದನ್ನು ಕೈಮರವೆಂದು ಕರೆದರು. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಕೈಮರವೆಂಬ ಹೆಸರಿನ ಊರೇ ಇದೆ. ದಾರಿ ತೋರುವುದು ಎಷ್ಟು ದೊಡ್ಡ ಉಪಕಾರವೆಂದು ನಮ್ಮ ಹಿರಿಯರು ತಿಳಿದಿದ್ದರು ಎಂಬುದಕ್ಕೆ ಇಷ್ಟೇ ಸಾಕು.

ಹೊಟ್ಟೆಪಾಡಿಗಾಗಿ ಗುಜರಾತಿಗೆ ಬಂದ ನಮಗೆ ಈ ಕೈಮರದ ಮಾತು ಈಗ ನೆನಪಾಗಲು ಕಾರಣವಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರು ಮಲೆನಾಡಿನಿಂದ ಅಡಕೆ ಮೂಟೆಗಳ ಲಾರಿಯನ್ನು ಹೊಡೆದುಕೊಂಡು ಈ ಭಾಗದ ಒಂದು ದೊಡ್ಡ ನಗರಕ್ಕೆ ಬಂದರು. ಬೆಳಗಿನ ಎಂಟು ಗಂಟೆಯ ಹೊತ್ತು. ಒಂದು ಕೂಡುರಸ್ತೆಯಲ್ಲಿ ಎಡಕ್ಕೆ ಹೊರಳಿದರು. ಇನ್ನೂರು ಮಾರು ಹೋಗುವುದರೊಳಗೆ ಪೋಲೀಸಿನವರು ಕೈ ಅಡ್ಡ ಹಿಡಿದರು. ಹಗಲು ಹೊತ್ತಿನಲ್ಲಿ ಭಾರಿ ವಾಹನಗಳಿಗೆ ಆ ರಸ್ತೆಯಲ್ಲಿ ಪ್ರವೇಶವಿಲ್ಲವಂತೆ. "ಫಲಕ ಎಲ್ಲಿದೆ ಸ್ವಾಮಿ?" ಎಂದು ಕೇಳಿದರು. ತಿರುಗಿ ಹೋಗಿ ನೋಡಿದರೆ ಫಲಕವಿತ್ತು, ಆದರೆ ಯಾವನೋ ಪುಢಾರಿಯ ಹುಟ್ಟುಹಬ್ಬದ ಶುಭಾಶಯದ ಬಟ್ಟೆ ಅದರ ಮೇಲೆ ಹಾಸಿತ್ತು. ದಂಡ ಕಟ್ಟಿದ್ದಾಯಿತು. ರಾತ್ರಿಯವರೆಗೆ ಲಾರಿ ನಿಂತಿತು. ಸರಕು ತಡವಾಯಿತೆಂದು ಮಾಲೀಕರು ಬಾಡಿಗೆಯಲ್ಲಿ ಮುರಿದುಕೊಂಡರು. ಚಾಲಕನಿಗೆ ಭತ್ತೆಯೂ ಇಲ್ಲ, ಕ್ಲೀನರನಿಗೆ ಊಟವೂ ಇಲ್ಲ. ಶುಭಾಶಯದ ಬಟ್ಟೆ ಕಟ್ಟಿದವನಿಗೆ ಏನೂ ಆಗಲಿಲ್ಲ.

ನಮ್ಮ ಸಂಘದಿಂದ ಪತ್ರ ಬರೆದೆವು. ಒಂದು ಕಛೇರಿಯವರು, ನಿಷೇಧ ಹೊರಡಿಸಿದ್ದು ನಾವು, ಹಲಗೆ ನೆಡುವುದು ಬೇರೆಯವರ ಕೆಲಸ ಎಂದರು. ಎರಡನೆಯವರು ಆ ರಸ್ತೆ ನಮ್ಮ ಸುಪರ್ದಿಗೆ ಬಂದಿಲ್ಲ ಎಂದರು. ಮೂರನೆಯವರು ಉತ್ತರವನ್ನೇ ಕೊಡಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯಿದೆ. ಇಲ್ಲಿ ಜಗಳವೂ ಇಲ್ಲ, ಕೂಸು ಮಾತ್ರ ಬಡವಾಯಿತು.

ಇದು ಒಬ್ಬ ಅಧಿಕಾರಿಯ ತಪ್ಪಲ್ಲ, ವ್ಯವಸ್ಥೆಯ ತಪ್ಪು. ಅದನ್ನು ಬಿಡಿಸಿ ನೋಡಬೇಕು. ಅಹಮದಾಬಾದ್, ವಡೋದರಾ, ಸೂರತ್, ಈ ಮೂರು ನಗರಗಳಲ್ಲಿಯೂ ಪೋಲೀಸ್ ಕಮೀಷನರರಿದ್ದಾರೆ. ಯಾವ ರಸ್ತೆ ಏಕಮುಖ, ಎಲ್ಲಿ ಲಾರಿ ಬರಕೂಡದು ಎಂಬ ಪ್ರಕಟಣೆಯನ್ನು 1951ರ ಗುಜರಾತ್ ಪೋಲೀಸ್ ಕಾಯಿದೆಯ ಅಧಿಕಾರದಿಂದ ಹೊರಡಿಸುವವರು ಅವರು. ನಗರದ ರಸ್ತೆಗಳು ಮಹಾನಗರಪಾಲಿಕೆಯವು. ನಗರದ ಅಂಚಿನ ಕೆಲವು ರಸ್ತೆಗಳನ್ನು ನಗರಾಭಿವೃದ್ಧಿ ಪ್ರಾಧಿಕಾರ ಕಟ್ಟಿಸಿದೆ. ಅಹಮದಾಬಾದನ್ನು ಸುತ್ತುವ ಸರ್ದಾರ್ ಪಟೇಲ್ ರಿಂಗ್ ರಸ್ತೆ ಅಂಥದು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಗೆ, ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಪ್ರಾಧಿಕಾರಕ್ಕೆ. ಹತ್ತು ಮೈಲಿಯ ಪ್ರಯಾಣದಲ್ಲಿ ಚಾಲಕ ನಾಲ್ಕು ಒಡೆಯರ ರಾಜ್ಯ ದಾಟುತ್ತಾನೆ. ಗಡಿ ಎಲ್ಲಿ ಮುಗಿಯಿತೆಂದು ಅವನಿಗೆ ತಿಳಿಯುವುದು, ಬಾಣದ ಗುರುತು ನಿಂತುಹೋದಾಗ ಮಾತ್ರ.

ಸೂರತ್ತನ್ನೇ ನೋಡಿ. ಮುಂಬಯಿ ಕಡೆಯಿಂದ ಬರುವ ಲಾರಿಗೆ ಸಚಿನ್ ಕೈಗಾರಿಕಾ ವಸಾಹತೋ ಹಜೀರಾ ಬಂದರೋ ಬೇಕಾದರೆ ಪಲ್ಸಾಣದಲ್ಲಿ ಎಡಕ್ಕೆ ಹೊರಳಬೇಕು. ಅದು ತಪ್ಪಿದರೆ ಮುಂದೆ ಸಿಗುವುದು ಕಡೋದರಾ. ಅಲ್ಲಿ ಹೊರಳಿದವನು ಹೋಗಿ ಬೀಳುವುದು ಜವಳಿ ಮಾರುಕಟ್ಟೆಗಳ ನಡುವಿನ ಜನಸಂದಣಿಗೆ. ಒಂದು ಹಲಗೆಯನ್ನು ಸರಿಯಾದ ಜಾಗದಲ್ಲಿ ನೆಟ್ಟರೆ ಉಳಿಯುವುದು ಎಷ್ಟು ಡೀಸೆಲ್, ಎಷ್ಟು ನಿದ್ರೆ, ಎಷ್ಟು ಪ್ರಾಣ! ಇದೇ ರಾಷ್ಟ್ರೀಯ ಹೆದ್ದಾರಿ 48 ದೆಹಲಿಯಿಂದ ಹೊರಟು ಅಹಮದಾಬಾದ್, ವಡೋದರಾ, ಮುಂಬಯಿ ದಾಟಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಬೆಂಗಳೂರುಗಳನ್ನು ಹಾಯ್ದು ಚೆನ್ನೈಗೆ ಹೋಗುತ್ತದೆ. ನಮ್ಮ ತವರಿನ ಬಾಗಿಲಿನಿಂದ ಇಲ್ಲಿನ ಬಾಗಿಲಿಗೆ ಒಂದೇ ರಸ್ತೆ. ಆ ರಸ್ತೆಯ ಮೇಲೆ ಕನ್ನಡದ ಕೂಲಿಕಾರ ಸಾವಿರ ಮೈಲಿ ದಾರಿ ತಪ್ಪದೆ ಬಂದು, ಕೊನೆಯ ಎರಡು ಮೈಲಿಯಲ್ಲಿ ತಪ್ಪುತ್ತಾನೆ.

ಹಾಗಾದರೆ ಕಾನೂನಿಲ್ಲವೆ? ಬೇಕಾದಷ್ಟಿದೆ. 1988ರ ಮೋಟಾರು ವಾಹನ ಕಾಯಿದೆಯ 116ನೆಯ ಕಲಮು ಸಂಚಾರ ಫಲಕಗಳನ್ನು ನೆಡುವ ಅಧಿಕಾರವನ್ನು ರಾಜ್ಯ ಸರಕಾರಕ್ಕೂ, ಸರಕಾರ ಅಧಿಕಾರ ಕೊಟ್ಟವರಿಗೂ ಕೊಟ್ಟಿದೆ. ಅಧಿಕಾರವಿಲ್ಲದವರು ನೆಡಕೂಡದು. ಫಲಕವನ್ನು ಮರೆಮಾಡುವ ಜಾಹೀರಾತನ್ನು, ಸಂಚಾರ ಫಲಕದಂತೆಯೇ ಕಾಣುವಂತೆ ಬಣ್ಣ ಬಳಿದು ಜನರನ್ನು ಮೋಸಗೊಳಿಸುವ ಹಲಗೆಯನ್ನು, ಪೋಲೀಸ್ ಸೂಪರಿಂಟೆಂಡೆಂಟರಿಗೆ ಕಡಿಮೆಯಲ್ಲದ ಅಧಿಕಾರಿ ತೆಗೆಸಬಹುದು. ಫಲಕದ ಅಳತೆ, ಬಣ್ಣ, ಅಕ್ಷರ ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1977ರಲ್ಲಿ ನಿಯಮಾವಳಿ ಪ್ರಕಟಿಸಿತು. ಅದನ್ನು ಮತ್ತೆ ಮತ್ತೆ ತಿದ್ದಿ 2022ರಲ್ಲಿಯೂ ಹೊರತಂದಿದೆ. ದಿಕ್ಕು ತೋರುವ ಹಲಗೆ ಮೂರು ಕಡೆ ಬೇಕೆಂದು ಅದರ ತತ್ತ್ವ: ತಿರುವಿಗೆ ಮುಂಚೆ ಎಚ್ಚರಿಸಲು ಒಂದು, ತಿರುವಿನಲ್ಲಿ ಕೈ ತೋರಲು ಒಂದು, ತಿರುಗಿದ ಮೇಲೆ "ಸರಿಯಾದ ದಾರಿಯಲ್ಲೇ ಇದ್ದೀರಿ" ಎಂದು ಧೈರ್ಯ ಹೇಳಲು ಇನ್ನೊಂದು. ನಮ್ಮ ಹಳ್ಳಿಯ ಹಿರಿಯರು ದಾರಿ ಹೇಳುತ್ತಿದ್ದುದೂ ಹೀಗೆಯೇ: "ಆಲದ ಮರ ಬರುತ್ತೆ, ಅಲ್ಲಿ ಬಲಕ್ಕೆ ತಿರುಗು, ತಿರುಗಿದ ಮೇಲೆ ಒಂದು ಬಾವಿ ಕಂಡರೆ ಸರಿ ಅಂದ್ಕೋ." ಪುಸ್ತಕದಲ್ಲಿರುವ ಈ ಬುದ್ಧಿ ಕಂಬಕ್ಕೆ ಏರುವುದು ಯಾವಾಗ?

ಇನ್ನು ದಂಡದ ಮಾತು. 2019ರ ತಿದ್ದುಪಡಿಯಿಂದ ದಂಡಗಳು ಏರಿದವು. ಎದುರು ದಿಕ್ಕಿನಲ್ಲಿ ವಾಹನ ಓಡಿಸುವುದು ಅಪಾಯಕಾರಿ ಚಾಲನೆಯೆಂದು ಎಣಿಕೆಯಾಗಿ, ಒಂದು ವರ್ಷದವರೆಗೆ ಸೆರೆ ಅಥವಾ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಕಂಬದ ಮೇಲಿನ ಕ್ಯಾಮೆರಾ ಚಿತ್ರ ತೆಗೆದು ಚಲನ್ ಮನೆಗೇ ಬರುತ್ತದೆ. ನಿಯಮ ಮುರಿದವನಿಗೆ ಶಿಕ್ಷೆಯಾಗಲಿ, ನಮ್ಮ ತಕರಾರಿಲ್ಲ. ಎದುರಿನಿಂದ ನುಗ್ಗುವ ವಾಹನಕ್ಕೆ ಸಿಕ್ಕಿ ಸಾಯುವವನೂ ಹೆಚ್ಚಾಗಿ ನಡೆದು ಹೋಗುವ ಬಡವನೇ. ಆದರೆ ಅದೇ ತಿದ್ದುಪಡಿಯಲ್ಲಿ 198-ಎ ಎಂಬ ಕಲಮೂ ಬಂದಿತು. ರಸ್ತೆಯ ರಚನೆ, ನಿರ್ವಹಣೆಗಳಲ್ಲಿ ಸುರಕ್ಷತೆಯ ನಿಯಮ ಪಾಲಿಸದ ಅಧಿಕಾರಿಗೆ, ಕಂತ್ರಾಟುದಾರನಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಯಾವಾಗ? ಆ ಲೋಪದಿಂದ ಯಾರಾದರೂ ಸತ್ತರೆ, ಇಲ್ಲವೆ ಅಂಗವಿಕಲರಾದರೆ. ಚಾಲಕನ ತಪ್ಪಿಗೆ ಅಂದೇ ದಂಡ. ರಸ್ತೆಯ ಒಡೆಯನ ತಪ್ಪಿಗೆ ಹೆಣ ಬಿದ್ದ ಮೇಲೆ ವಿಚಾರಣೆ! ಈ ತಕ್ಕಡಿ ಸಮವೆಂದು ಯಾರು ಹೇಳಿಯಾರು?

ಭಾಷೆಯ ವಿಷಯದಲ್ಲಿ ನಮ್ಮ ನಿಲುವನ್ನು ಸ್ಪಷ್ಟವಾಗಿ ಹೇಳಬೇಕು. 2022ರ ಫೆಬ್ರವರಿಯಲ್ಲಿ ಗುಜರಾತ್ ಸರಕಾರ ಈ ಮೂರೂ ಸೇರಿದಂತೆ ಎಂಟು ಮಹಾನಗರಗಳ ಸಾರ್ವಜನಿಕ ಸ್ಥಳಗಳ ನಾಮಫಲಕ, ಸೂಚನೆಗಳಲ್ಲಿ ಹಿಂದಿ, ಇಂಗ್ಲೀಷುಗಳ ಜೊತೆಗೆ ಗುಜರಾತಿ ಕಡ್ಡಾಯವೆಂದು ಗೊತ್ತುಮಾಡಿತು. ನಾವು ಇದನ್ನು ಮನಸಾರೆ ಒಪ್ಪುತ್ತೇವೆ. ಕರ್ನಾಟಕದಲ್ಲಿ ಕನ್ನಡಕ್ಕೆ ಮೊದಲ ಮಣೆ ಕೇಳುವವರು ಗುಜರಾತಿನಲ್ಲಿ ಗುಜರಾತಿಗೆ ಮೊದಲ ಮಣೆ ಇಲ್ಲವೆನ್ನುವುದು ನ್ಯಾಯವಲ್ಲ. ನಾವು ಇಲ್ಲಿ ಕನ್ನಡದ ಫಲಕ ಕೇಳುವುದಿಲ್ಲ. ನಾವು ಕೇಳುವುದು, ಗುಜರಾತಿಯ ಕೆಳಗೆ ಹಿಂದಿ, ಇಂಗ್ಲೀಷುಗಳೂ ಓದಲು ಬರುವಷ್ಟು ದಪ್ಪವಾಗಿರಲಿ, ಅಂಕಿಗಳು ದೇಶವೆಲ್ಲ ಬಲ್ಲ ಅಂಕಿಗಳಾಗಿಯೂ ಇರಲಿ ಎಂದು. ಗುಜರಾತಿಯ ಒಂದು ಹೊಸಬನ ಕಣ್ಣಿಗೆ ಇಂಗ್ಲೀಷಿನ ಒಂಬತ್ತರಂತೆ ಕಾಣುತ್ತದೆ. ಒಂದನೆಯ ಗೇಟಿಗೆ ಹೋಗಬೇಕಾದವನು ಒಂಬತ್ತನ್ನು ಹುಡುಕಿದರೆ ಅದು ಅವನ ದಡ್ಡತನವಲ್ಲ. ಸೂರತ್ತಿನ ಮಗ್ಗಗಳಲ್ಲಿ ದುಡಿಯುವ ಒಡಿಯಾ ಸೋದರನಿಗೂ ಇದೇ ಕಷ್ಟ. ನಾಳೆ ಬೆಂಗಳೂರಿಗೆ ಹೋಗುವ ಗುಜರಾತಿ ಸೋದರನಿಗೆ ಅಲ್ಲಿಯೂ ಈ ಉಪಕಾರ ಆಗಬೇಕು ಎಂಬುದನ್ನು ನಮ್ಮ ತವರಿನವರು ಮರೆಯಬಾರದು.

ಹೆಸರಿನ ತೊಡಕು ಬೇರೆ. ಸರಕಾರಿ ಕಾಗದದಲ್ಲಿ ಸ್ವಾಮಿ ವಿವೇಕಾನಂದ ಸೇತುವೆ, ಜನರ ಬಾಯಲ್ಲಿ ಎಲ್ಲಿಸ್ ಬ್ರಿಜ್. ಕಾಗದದಲ್ಲಿ ತಿಲಕ್ ಮಾರ್ಗ, ಬಾಯಲ್ಲಿ ರಿಲೀಫ್ ರೋಡ್. ದೊಡ್ಡವರ ಹೆಸರಿಡುವುದು ಗೌರವದ ಕೆಲಸವೇ. ಆದರೆ ಕಾಲುಪುರ ಸ್ಟೇಷನ್ನಿನಲ್ಲಿ ಗಂಟು ಹೊತ್ತು ಇಳಿದವನಿಗೆ ರಿಕ್ಷಾದವನು ಒಂದು ಹೆಸರು ಹೇಳಿ ಹಲಗೆ ಇನ್ನೊಂದು ಹೇಳಿದರೆ ಅವನು ಯಾರನ್ನು ನಂಬಬೇಕು? ಹಿಂದಿನವರು ಈ ಮಟ್ಟಿಗೆ ಜಾಣರು. ಅಹಮದಾಬಾದಿನಲ್ಲಿ ದಿಲ್ಲಿ ದರ್ವಾಜಾ, ಸೂರತ್ತಿನಲ್ಲಿ ದಿಲ್ಲಿ ಗೇಟು, ವಡೋದರೆಯಲ್ಲಿ ಮಾಂಡವಿಯಿಂದ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಅವುಗಳಲ್ಲಿ ಒಂದು ಚಾಂಪಾನೇರ್ ದರ್ವಾಜಾ. ನಮ್ಮ ಬೆಂಗಳೂರು ಪೇಟೆಗೂ ಹಲಸೂರು ಬಾಗಿಲು, ಯಲಹಂಕ ಬಾಗಿಲು ಇದ್ದವು. ಬಾಗಿಲಿನ ಹೆಸರೇ ಕೈಮರ! ಆಮೇಲೆ ಗಿರಣಿಗಳ ಕಾಲ ಬಂತು. ಚಿಮಣಿ ನೋಡಿ ಕಾರ್ಮಿಕ ತನ್ನ ಚಾಳಿಯ ದಾರಿ ಕಂಡುಕೊಳ್ಳುತ್ತಿದ್ದ. 1980ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹೆಸರುಗಳು ಮಾತ್ರ ಜನರ ನಾಲಿಗೆಯಲ್ಲಿ ಉಳಿದವು. ಜನ ಬಳಸುವ ಹೆಸರನ್ನು ಹೊಸ ಹೆಸರಿನ ಕೆಳಗೆ ಚಿಕ್ಕದಾಗಿಯಾದರೂ ಬರೆದರೆ ಯಾವ ಮಹಾಪುರುಷರ ಗೌರವಕ್ಕೂ ಕುಂದು ಬಾರದು.

"ಕೈಯಲ್ಲಿ ಫೋನಿದೆಯಲ್ಲ, ನಕ್ಷೆ ನೋಡಿಕೊಂಡು ಹೋಗಿ" ಎನ್ನುವವರಿದ್ದಾರೆ. ಸ್ಕೂಟರು ಓಡಿಸುತ್ತ ಫೋನು ಹಿಡಿದರೆ ಅದಕ್ಕೂ ದಂಡವಿದೆ. ಇಂದು ಬೆಳಗ್ಗೆ ಅಗೆದ ಗುಂಡಿ ನಕ್ಷೆಗೆ ನಾಳೆ ತಿಳಿಯುತ್ತದೆ. 2021ರಲ್ಲಿ ಶಂಕುಸ್ಥಾಪನೆಯಾದ ಸೂರತ್ ಮೆಟ್ರೋದ ಕಾಮಗಾರಿ ಶುರುವಾದಾಗ ಎಷ್ಟು ರಸ್ತೆಗಳು ಮುಚ್ಚಿ ತೆರೆದವೆಂದು ಅಲ್ಲಿನ ನಮ್ಮ ಬಂಧುಗಳನ್ನು ಕೇಳಿ. ಅಲ್ಲದೆ ಫೋನಿಲ್ಲದ ಮುದುಕಿ, ಚಾರ್ಜು ಮುಗಿದ ಹುಡುಗ, ನಡುರಾತ್ರಿ ಹೆರಿಗೆ ನೋವಿನ ಹೆಂಗಸನ್ನು ಅಸಾರವಾದ ಸಿವಿಲ್ ಆಸ್ಪತ್ರೆಗೋ ವಡೋದರೆಯ ಸಯಾಜಿ ಆಸ್ಪತ್ರೆಗೋ ಕರೆದೊಯ್ಯುವ ಗಾಬರಿಯ ಗಂಡ, ಇವರೂ ನಗರದ ಪ್ರಜೆಗಳೇ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಬಾಯಿದ್ದೇನು, ಕೇಳಲು ಮನುಷ್ಯ ಬೇಕಲ್ಲ!

ಹಣವಿಲ್ಲ, ಇದು ಆಗದ ಕೆಲಸ ಎಂಬ ಮಾತನ್ನೂ ನಾವು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿಯೂ ಒಂದು ಕಾಲಕ್ಕೆ ಫಲಕಗಳದು ಇದೇ ಗೊಂದಲವಾಗಿತ್ತು. 1963ರಲ್ಲಿ ವರ್ಬಾಯ್ಸ್ ಸಮಿತಿ ವರದಿ ಕೊಟ್ಟಿತು; 1965ರ ಜನವರಿಯಿಂದ ದೇಶಕ್ಕೆಲ್ಲ ಒಂದೇ ನಿಯಮ ಬಂತು. ಈ ಅಹಮದಾಬಾದಿಗೂ ಒಂದು ಪರಂಪರೆಯಿದೆ. 1918ರ ಗಿರಣಿ ಮುಷ್ಕರದ ಬೆನ್ನಿಗೆ 1920ರಲ್ಲಿ ಹುಟ್ಟಿದ ಮಜೂರ್ ಮಹಾಜನ್, ಕೂಲಿಯ ಮಾತನ್ನಷ್ಟೇ ಆಡಲಿಲ್ಲ, ಊರಿನ ಮಾತನ್ನೂ ಆಡಿತು. ಅದರ ಕಾರ್ಯದರ್ಶಿ ಗುಲ್ಜಾರಿಲಾಲ್ ನಂದಾ ಇಲ್ಲಿನ ಪುರಸಭೆಯ ಸ್ಥಾಯೀ ಸಮಿತಿಯ ಅಧ್ಯಕ್ಷರಾಗಿದ್ದರು. ರಸ್ತೆಯ ಹಲಗೆ ಕಾರ್ಮಿಕ ಸಂಘಕ್ಕೆ ಸಂಬಂಧಿಸಿದ್ದಲ್ಲ ಎನ್ನುವವರು ಈ ಚರಿತ್ರೆಯನ್ನು ನೆನೆಯಲಿ.

ನಾವು ಕೇಳುವುದಿಷ್ಟೆ:

1. ಪ್ರತಿ ನಗರದಲ್ಲಿ ಪೋಲೀಸ್, ಪಾಲಿಕೆ, ಅಭಿವೃದ್ಧಿ ಪ್ರಾಧಿಕಾರ, ಹೆದ್ದಾರಿಯವರು ಸೇರಿದ ಒಂದೇ ಸಮಿತಿ. ಎಲ್ಲ ಫಲಕಗಳಿಗೂ ಒಂದೇ ದಾಖಲೆ. ಪ್ರತಿಯೊಂದು ಫಲಕದ ಬೆನ್ನಿಗೆ ಅದರ ಸಂಖ್ಯೆ, ನೆಟ್ಟ ತಾರೀಖು, ದೂರು ಹೇಳಬೇಕಾದ ಕಛೇರಿಯ ಹೆಸರು.

2. ಫಲಕ ಕಾಣದ ಕಡೆ ನಿಷೇಧದ ದಂಡವಿಲ್ಲ. ಲಾರಿಗೆ ಪ್ರವೇಶವಿಲ್ಲವೆಂಬ ಮಾತನ್ನು ಹಿಂದಿನ ಕೂಡುರಸ್ತೆಯಲ್ಲಿಯೇ, ಲಾರಿ ಇನ್ನೂ ಹೊರಳಬಲ್ಲ ಜಾಗದಲ್ಲಿ ಹೇಳಬೇಕು.

3. ಫಲಕಕ್ಕೆ ಬಟ್ಟೆ ಕಟ್ಟಿದವರ ಮೇಲೆ, ಅವರು ಯಾವ ಪಕ್ಷದವರಾಗಲಿ, ಕ್ರಮ. ಫಲಕದಂತೆಯೇ ವೇಷ ಹಾಕಿದ ಖಾಸಗಿ ಹಲಗೆಗಳನ್ನು ಕೀಳಬೇಕು. ಹಲಗೆಗಳು ಹೆಚ್ಚಾಗಬೇಕೆಂದಲ್ಲ, ಸರಿಯಾಗಬೇಕು.

4. ಆಸ್ಪತ್ರೆ, ರೈಲ್ವೆ ಸ್ಟೇಷನ್, ಬಸ್ ನಿಲ್ದಾಣಗಳ ದಾರಿಯನ್ನು ನಡೆದು ಹೋಗುವವರ ಕಣ್ಣಿನ ಎತ್ತರದಲ್ಲಿಯೂ ತೋರಿಸಬೇಕು.

5. ರಸ್ತೆ ಅಗೆಯುವ ಕಂತ್ರಾಟುದಾರನೇ ಬದಲಿ ದಾರಿಯ ಹಲಗೆ ಇಡಬೇಕು. ಕೆಲಸ ಮುಗಿದಂದೇ ತೆಗೆಯಬೇಕು. ಸುಳ್ಳು ಬಾಣಕ್ಕಿಂತ ಬಾಣವಿಲ್ಲದಿರುವುದೇ ಲೇಸು.

ನಮ್ಮ ಪಾಲಿನ ಕೆಲಸವೂ ಇದೆ. ಕಂಬಕ್ಕೆ ಬಟ್ಟೆ ಕಟ್ಟುವವರಲ್ಲಿ ನಮ್ಮ ಸಮಾರಂಭಗಳವರೂ ಇದ್ದಾರೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು. ಮುಂದಿನ ರಾಜ್ಯೋತ್ಸವದಲ್ಲಿ ಅದು ನಿಲ್ಲಲಿ. ಸದಸ್ಯ ಬಂಧುಗಳು ತಾವು ದಿನವೂ ಹಾಯುವ ದಾರಿಯಲ್ಲಿ ಮರೆಯಾದ, ಮುರಿದ, ಸುಳ್ಳು ಹೇಳುವ ಫಲಕ ಕಂಡರೆ ಜಾಗ, ದಿನ, ಹೊತ್ತು ಗುರುತುಮಾಡಿ ಸಂಘದ ಕಛೇರಿಗೆ ತಿಳಿಸಲಿ. ಮೂರೂ ನಗರಗಳ ಪಟ್ಟಿ ಮಾಡಿ ಸಂಬಂಧಪಟ್ಟವರ ಮೇಜಿನ ಮೇಲೆ ಇಡುವ ಹೊಣೆ ನಮ್ಮದು. ನಮ್ಮ ಅಡಕೆ ಲಾರಿಯ ಚಾಲಕರು ಕಟ್ಟಿದ ದಂಡದ ರಸೀತಿಯನ್ನು ಆ ಪಟ್ಟಿಯ ಮೊದಲ ಹಾಳೆಗೆ ಅಂಟಿಸುತ್ತೇವೆ.