ಕೊಲ್ಲಬಾರದು - ಯಾರನ್ನು?

‘ಕೊಲ್ಲಬಾರದು’ ಎಂಬ ಮಾತನ್ನು ಒಂದಲ್ಲ ಒಂದು ರೂಪದಲ್ಲಿ ಹೇಳದ ಧರ್ಮವನ್ನು ಪ್ರಪಂಚದಲ್ಲಿ ಹುಡುಕುವುದು ಕಷ್ಟ. ಆದರೆ ಈ ವಾಕ್ಯಕ್ಕೆ ಕರ್ಮಪದವೊಂದು ಬೇಕು. ಕೊಲ್ಲಬಾರದು, ಸರಿ, ಯಾರನ್ನು? ವ್ಯಾಕರಣದ ಈ ಪುಟ್ಟ ಪ್ರಶ್ನೆಯನ್ನು ಮನೆಗಳಲ್ಲಿ ಮೊದಲು ಕೇಳುವವರು ಮಕ್ಕಳು. ಶಾಲೆಯಲ್ಲಿ ಅಹಿಂಸೆಯ ಪಾಠ ಓದಿಬಂದ ಹುಡುಗ, ಅಂದೇ ಸಂಜೆ ತಂದೆ ಸೊಳ್ಳೆಯನ್ನು ಹೊಡೆಯುವುದನ್ನು ಕಂಡು, ‘ಇದು ಪಾಪವಲ್ಲವೇ?’ ಎಂದರೆ ಏನು ಹೇಳಬೇಕು? ಸೊಳ್ಳೆಗೆ ಆ ಮಾತು ಅನ್ವಯಿಸದೆಂದರೆ, ಯಾವುದರಿಂದ ಮೇಲಕ್ಕೆ ಅನ್ವಯಿಸುತ್ತದೆ? ಇಲಿಗೆ? ಕೋಳಿಗೆ? ಹಸುವಿಗೆ?

12ನೆಯ ಶತಮಾನದ ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಕಳವಿನ ನಿಷೇಧದ ಬೆನ್ನಿಗೇ ಕೊಲೆಯ ನಿಷೇಧ ಬರುತ್ತದೆ. ಕನ್ನಡಿಗರಲ್ಲಿ ಅದನ್ನು ಬಾಯಿಪಾಠ ಹೇಳದವರು ವಿರಳ. ಅಲ್ಲಿಯೂ ಕರ್ಮಪದವಿಲ್ಲ. ಯಾರನ್ನು ಎಂಬುದನ್ನು ತುಂಬಿಕೊಳ್ಳುವ ಹೊಣೆ ಕೇಳಿದವನದು.

ಮೋಶೆಯ ಹತ್ತು ಆಜ್ಞೆಗಳಲ್ಲಿ ಕೊಲೆಯನ್ನು ನಿಷೇಧಿಸುವುದು ಯೆಹೂದ್ಯರ ಎಣಿಕೆಯಂತೆ 6ನೆಯದು. ರೋಮನ್ ಕ್ಯಾಥೊಲಿಕರ ಎಣಿಕೆಯಂತೆ 5ನೆಯದು. ಹೀಬ್ರೂ ಮೂಲದಲ್ಲಿ ಅಲ್ಲಿ ಪ್ರಯೋಗವಾಗಿರುವ ಕ್ರಿಯಾಪದವು ಮನುಷ್ಯನ ಪ್ರಾಣಹರಣಕ್ಕೆ ಸಲ್ಲುವ ಪದ. ಬಲಿಗಾಗಿ, ಆಹಾರಕ್ಕಾಗಿ ಪಶುವನ್ನು ಕಡಿಯುವುದಕ್ಕೆ ಅದೇ ಗ್ರಂಥದಲ್ಲಿ ಬೇರೆ ಪದಗಳಿವೆ. ಕನ್ನಡ ಬೈಬಲಿನ ಭಾಷಾಂತರಕಾರರು ‘ನರಹತ್ಯೆ’ ಎಂಬ ಮಾತನ್ನು ಆರಿಸಿಕೊಂಡದ್ದು ಈ ಕಾರಣದಿಂದ ಉಚಿತವೇ ಆಗಿದೆ. ಐದನೆಯ ಶತಮಾನದ ಆರಂಭದಲ್ಲಿ ಸಂತ ಆಗಸ್ಟೀನನು ‘ದೇವನಗರಿ’ ಎಂಬ ತನ್ನ ಮಹಾಗ್ರಂಥದ ಮೊದಲ ಭಾಗದಲ್ಲಿಯೇ ಈ ಪ್ರಶ್ನೆಯನ್ನು ಎತ್ತಿಕೊಂಡನು. ಆಜ್ಞೆ ಪಶುಗಳಿಗೂ ಅನ್ವಯಿಸುವುದಾದರೆ ಗಿಡಮರಗಳಿಗೇಕೆ ಅನ್ವಯಿಸಬಾರದು, ಅವಕ್ಕೂ ಜೀವವಿದೆಯಲ್ಲ ಎಂಬುದು ಅವನ ವಾದ. ಪಶುವಿಗೆ ಮನುಷ್ಯನಂತೆ ವಿವೇಚನಾಶಕ್ತಿ ಇಲ್ಲವಾದುದರಿಂದ ಈ ಆಜ್ಞೆ ಮನುಷ್ಯನಿಗೆ ಮಾತ್ರ ಮೀಸಲೆಂದು ಅವನು ತೀರ್ಮಾನಿಸಿದನು.

ಪದದ ಅರ್ಥವಷ್ಟೇ ಪ್ರಶ್ನೆಯಾಗಿದ್ದರೆ ವ್ಯಾಜ್ಯ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಅದೇ ಹತ್ತು ಆಜ್ಞೆಗಳಲ್ಲಿ ವಿಶ್ರಾಂತಿಯ ದಿನವನ್ನು ವಿಧಿಸುವ ಆಜ್ಞೆಯೊಂದಿದೆ. ಆ ದಿನ ಮನೆಯ ಯಜಮಾನನಿಗೆ, ಮಕ್ಕಳಿಗೆ, ಆಳುಗಳಿಗೆ ಮಾತ್ರವಲ್ಲ, ದನಕರುಗಳಿಗೂ ಬಿಡುವು ಕೊಡಬೇಕು. ಕಣದಲ್ಲಿ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬಾರದೆಂದೂ, ಗೂಡಿನಲ್ಲಿ ಮರಿಗಳನ್ನಾಗಲಿ ಮೊಟ್ಟೆಗಳನ್ನಾಗಲಿ ತೆಗೆದುಕೊಳ್ಳುವಾಗ ತಾಯಿಹಕ್ಕಿಯನ್ನು ಹಿಡಿಯದೆ ಬಿಟ್ಟುಬಿಡಬೇಕೆಂದೂ, ಹೊರೆಯ ಭಾರಕ್ಕೆ ಕುಸಿದ ಕತ್ತೆ ಹಗೆಯದಾಗಿದ್ದರೂ ನೆರವಾಗಬೇಕೆಂದೂ ಆ ಧರ್ಮಶಾಸ್ತ್ರ ವಿಧಿಸುತ್ತದೆ. ಕೊಲೆಯ ನಿಷೇಧದಿಂದ ಹೊರಗುಳಿದ ಪಶು, ದಯೆಯ ವಿಧಿಯೊಳಗೆ ಬಂದು ನಿಂತಿದೆ. ನಿಷೇಧದ ಗೆರೆ ಒಂದೆಡೆ. ಕರುಣೆಯ ಗೆರೆ ಅದರಿಂದ ಬಹಳ ಆಚೆ.

ಭಾರತದಲ್ಲಿ ಹುಟ್ಟಿದ ಧರ್ಮಗಳು ಈ ಎರಡು ಗೆರೆಗಳ ನಡುವಣ ಅಂತರವನ್ನು ಮೆಟ್ಟಿಲುಮೆಟ್ಟಿಲಾಗಿ ಅಳೆದಿವೆ. ಬೌದ್ಧರ ಪಂಚಶೀಲಗಳಲ್ಲಿ ಮೊದಲನೆಯದು ಪ್ರಾಣವಧೆಯಿಂದ ದೂರವಿರುವುದು. ಅದರಲ್ಲಿ ಕ್ರಿಮಿಕೀಟಗಳೂ ಸೇರಿವೆ. ಹಾಗೆಂದು ಎಲ್ಲ ವಧೆಯೂ ಸಮಾನವಲ್ಲ. ಭಿಕ್ಷುಗಳ ನಡೆವಳಿಯನ್ನು ನಿಯಮಿಸುವ ವಿನಯದ ಪ್ರಕಾರ, ಬೇಕೆಂದೇ ಮನುಷ್ಯನನ್ನು ಕೊಂದ ಭಿಕ್ಷುವಿಗೆ ಸಂಘದಲ್ಲಿ ಮತ್ತೆ ಸ್ಥಾನವಿಲ್ಲ. ಬೇಕೆಂದೇ ಪ್ರಾಣಿಯೊಂದನ್ನು ಕೊಂದವನು ತಪ್ಪೊಪ್ಪಿಕೊಂಡು ಶುದ್ಧನಾಗಬಹುದು. ಅದರ ಮುಂದಿನ ನಿಯಮವೇ, ಜೀವಿಗಳಿವೆಯೆಂದು ತಿಳಿದೂ ಆ ನೀರನ್ನು ಬಳಸಬಾರದೆಂಬುದು. ಅದಕ್ಕಾಗಿಯೇ ಭಿಕ್ಷುವಿನ ಬಳಿ ಇರಬೇಕಾದ ಎಂಟು ವಸ್ತುಗಳಲ್ಲಿ ನೀರು ಸೋಸುವ ಸಾಧನವೂ ಒಂದು. ಅರಿಯದೆ ಆದದ್ದಕ್ಕೆ ಅಪರಾಧವಿಲ್ಲ. ಆದರೆ ಅರಿಯುವ ಪ್ರಯತ್ನವನ್ನು ಬಿಡುವಂತಿಲ್ಲ.

ಈ ಭಾವನೆಯನ್ನು ರಾಜಶಾಸನವನ್ನಾಗಿ ಮಾಡಲು ಹೊರಟವನು ಅಶೋಕ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದ ಅವನ ಶಾಸನದಲ್ಲಿ ತಾಯಿತಂದೆಗಳ ಸೇವೆ ಹಾಗೂ ಸತ್ಯವಚನಗಳ ಸಾಲಿನಲ್ಲಿಯೇ ಪ್ರಾಣಿಗಳ ಮೇಲಿನ ದಯೆಗೂ ಸ್ಥಾನವುಂಟು. ತನ್ನ ಪಾಕಶಾಲೆಯ ಲೆಕ್ಕವನ್ನೂ ಅವನು ಬಂಡೆಯ ಮೇಲೆ ಬರೆಸಿದ. ಹಿಂದೆ ನಿತ್ಯವೂ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲುತ್ತಿದ್ದರೆಂದೂ, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರವೆಂದೂ, ಆ ಜಿಂಕೆಯೂ ದಿನವೂ ಅಲ್ಲವೆಂದೂ, ಮುಂದೆ ಅವನ್ನೂ ಕೊಲ್ಲುವುದಿಲ್ಲವೆಂದೂ ಆ ಲೆಕ್ಕ ಹೇಳುತ್ತದೆ. ಪಟ್ಟಾಭಿಷೇಕವಾದ 26 ವರ್ಷಗಳ ಬಳಿಕ ಹೊರಡಿಸಿದ ಸ್ತಂಭಶಾಸನವೊಂದರಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯೇ ಇದೆ. ಗಿಳಿ, ಗೊರವಂಕ, ಬಾವಲಿಗಳ ಹೆಸರು ಅದರಲ್ಲಿವೆ. ಜೀವಿಗಳು ಅಡಗಿರುವ ಹೊಟ್ಟನ್ನು ಸುಡಬಾರದೆಂಬ ಆಜ್ಞೆಯೂ ಅಲ್ಲಿದೆ. ಕಣದ ಮೂಲೆಯ ಹೊಟ್ಟಿನ ರಾಶಿಯಲ್ಲಿರುವ ಹುಳುವಿನವರೆಗೆ ಚಕ್ರವರ್ತಿಯೊಬ್ಬನ ದೃಷ್ಟಿ ಇಳಿದದ್ದು ಸಾಮಾನ್ಯ ಸಂಗತಿಯಲ್ಲ. ಹಾಗಿದ್ದೂ ತನ್ನ ಅಡಿಗೆಮನೆಯಲ್ಲಿ ಇನ್ನೂ ಮೂರು ಪ್ರಾಣಿಗಳು ಉಳಿದಿದ್ದುವೆಂಬುದನ್ನು ಅವನು ಮುಚ್ಚಿಡಲಿಲ್ಲ.

ಎಲ್ಲರಿಗಿಂತ ಮುಂದೆ ಹೋದವರು ಜೈನರು. ಜೀವಿಗಳನ್ನು ಅವರು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುತ್ತಾರೆ. ಗಿಡಮರಗಳಿಗೆ ಸ್ಪರ್ಶವೊಂದೇ ಇಂದ್ರಿಯ. ಹುಳುವಿಗೆ ಎರಡು, ಇರುವೆಗೆ ಮೂರು, ನೊಣ ಸೊಳ್ಳೆಗಳಿಗೆ ನಾಲ್ಕು, ಪಶುಗಳಿಗೂ ಮನುಷ್ಯನಿಗೂ ಐದು. ಇಲ್ಲಿ ಇರುವೆಯೂ ನಿಷೇಧದ ಒಳಗೇ ಇದೆ. ಆದರೆ ಉಸಿರಾಡಿದರೂ ಹೆಜ್ಜೆಯಿಟ್ಟರೂ ಜೀವಹಾನಿಯಾಗುವ ಈ ಲೋಕದಲ್ಲಿ ಸಂಸಾರಿ ಬದುಕುವುದೆಂತು? ಇದಕ್ಕೆ ಜೈನ ಆಚಾರ್ಯರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಉತ್ತರ ಕೊಟ್ಟರು. ಬೇಕೆಂದೇ ಮಾಡುವುದು ಸಂಕಲ್ಪೀ ಹಿಂಸೆ. ಅಡಿಗೆ, ಗುಡಿಸುವುದು ಮೊದಲಾದ ಮನೆಗೆಲಸದಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ತ್ಯಜಿಸಬೇಕು. ಉಳಿದ ಮೂರನ್ನು ಸಾಧ್ಯವಾದಷ್ಟು ಕುಗ್ಗಿಸಬೇಕು. ಪ್ರಾಣ ಹೋಯಿತೇ ಇಲ್ಲವೇ ಎಂಬುದಷ್ಟೇ ಹಿಂಸೆಯ ಅಳತೆಯಲ್ಲ. ಕೊಂದವನ ಮನಸ್ಸಿನಲ್ಲಿದ್ದ ಸಂಕಲ್ಪವೇನು, ಅಜಾಗರೂಕತೆ ಎಷ್ಟು ಎಂಬುದು ಮುಖ್ಯ.

ಈ ತತ್ತ್ವವನ್ನು ಕಥೆಯಾಗಿ ಕನ್ನಡಕ್ಕೆ ಕೊಟ್ಟವನು ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ ಜನ್ನ. 1209ರಲ್ಲಿ ರಚಿತವಾದ ಅವನ ‘ಯಶೋಧರ ಚರಿತೆ’ಯಲ್ಲಿ, ತಾಯಿ ಚಂದ್ರಮತಿಯು ಕೇಡು ಕಳೆಯಲು ಪ್ರಾಣಿಬಲಿ ಕೊಡೆಂದು ಅರಸನನ್ನು ಒತ್ತಾಯಿಸುತ್ತಾಳೆ. ಅವನು ಒಪ್ಪುವುದಿಲ್ಲ. ತಾಯಿಯ ಮಾತನ್ನು ಮೀರಲೂ ಆರದೆ, ಕೊನೆಗೆ ಹಿಟ್ಟಿನ ಕೋಳಿಯೊಂದನ್ನು ಬಲಿಗೊಡುತ್ತಾನೆ. ಅಲ್ಲಿ ರಕ್ತವಿಲ್ಲ, ಮಾಂಸವಿಲ್ಲ. ಇದ್ದದ್ದು ಕೊಲ್ಲುವ ಸಂಕಲ್ಪವೊಂದೇ. ಅದರ ಫಲವಾಗಿ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಪ್ರತಿಸಲವೂ ಕೊಲೆಗೆ ಗುರಿಯಾಗಬೇಕಾಗುತ್ತದೆ. ಇಂದಿನ ಓದುಗನಿಗೆ ಈ ಶಿಕ್ಷೆ ಅತಿಯೆನಿಸಬಹುದು. ಆದರೆ ಕವಿಯ ಅಭಿಪ್ರಾಯ ಸ್ಪಷ್ಟ: ಕೊಲೆ ನಡೆಯುವುದು ಮೊದಲು ಕೊಲ್ಲುವವನ ಒಳಗೆ.

ಮನಸ್ಸೇ ಅಳತೆಗೋಲಾದರೆ, ದಯೆಯಿಂದಲೇ ಕೊಂದವನ ಗತಿಯೇನು? ಈ ಪ್ರಶ್ನೆ 1928ರಲ್ಲಿ ಗಾಂಧೀಜಿಯವರ ಸಾಬರಮತಿ ಆಶ್ರಮದಲ್ಲಿ ನಿಜವಾಗಿಯೇ ಎದುರಾಯಿತು. ಅಲ್ಲಿಯ ಕರುವೊಂದು ವಾಸಿಯಾಗದ ನೋವಿನಿಂದ ಹೊರಳಾಡುತ್ತಿತ್ತು. ಚಿಕಿತ್ಸೆಯಿಂದ ಫಲವಿಲ್ಲವೆಂದು ಖಚಿತವಾದಾಗ ಗಾಂಧೀಜಿ ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಪ್ರಾಣವನ್ನು ಕೊನೆಗಾಣಿಸಿದರು. ಎದುರಿಗೇ ನಿಂತು ಮಾಡಿಸಿದರು. ಅಹಿಂಸೆಯ ಆಚಾರ್ಯರೇ ಗೋಹತ್ಯೆ ಮಾಡಿಸಿದರೆಂದು ಗುಜರಾತಿನಲ್ಲಿ ಕೋಲಾಹಲವೆದ್ದಿತು. ಕೋಪದ ಪತ್ರಗಳು ಬಂದುವು. ತಾವು ಮಾಡಿದುದನ್ನು ಅವರು ತಮ್ಮ ಪತ್ರಿಕೆಯಲ್ಲಿಯೇ ಬಹಿರಂಗವಾಗಿ ವಿವರಿಸಿದರು.

ಆ ಲೇಖನದ ಎರಡನೆಯ ಭಾಗ ಮೊದಲನೆಯದರಷ್ಟು ಚರ್ಚೆಗೆ ಬರಲಿಲ್ಲ. ಸಂಸಾರಿಗಳಿಗೆ ಹೆಚ್ಚು ಹತ್ತಿರವಾದುದು ಅದೇ. ಆಶ್ರಮದ ತೋಟವನ್ನು ಮಂಗಗಳು ಹಾಳುಮಾಡುತ್ತಿದ್ದುವು. ಅವುಗಳನ್ನು ಏನು ಮಾಡಬೇಕು? ಕರುವನ್ನು ಕೊಂದದ್ದು ಕರುವಿನ ಹಿತಕ್ಕಾಗಿ. ಮಂಗವನ್ನು ಕೊಂದರೆ ಅದು ಮನುಷ್ಯನ ಬೆಳೆಗಾಗಿ. ಆದಕಾರಣ ಎರಡನೆಯದು ಹಿಂಸೆಯೇ ಎಂದು ಗಾಂಧೀಜಿ ಒಪ್ಪಿಕೊಂಡರು. ಅನಿವಾರ್ಯವಾದ ಹಿಂಸೆಯನ್ನು ಕೂಡ ಹಿಂಸೆಯೆಂದೇ ಕರೆಯುವ ಪ್ರಾಮಾಣಿಕತೆ ಅವರದು. ಅಗತ್ಯವಿತ್ತೆಂಬ ಮಾತ್ರಕ್ಕೆ ಕೊಲೆ ಧರ್ಮವಾಗುವುದಿಲ್ಲ. ಅದು ಅಗತ್ಯವಾದ ಕೊಲೆ, ಅಷ್ಟೆ.

ಸೊಳ್ಳೆಯ ವಿಷಯಕ್ಕೆ ಬಂದರೆ ಈ ಪ್ರಾಮಾಣಿಕತೆ ಇನ್ನೂ ಕಠಿಣವಾಗುತ್ತದೆ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನ ಮಲೇರಿಯಾಕ್ಕೆ ಗುರಿಯಾಗಿ, ಸುಮಾರು 8 ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. 1953ರಲ್ಲಿ ಸರ್ಕಾರ ರಾಷ್ಟ್ರೀಯ ನಿಯಂತ್ರಣ ಯೋಜನೆ ಆರಂಭಿಸಿ ಮನೆಮನೆಗಳಲ್ಲಿ ಡಿ.ಡಿ.ಟಿ. ಸಿಂಪಡಿಸಿತು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಉಳಿದ ಆ ಜೀವಗಳನ್ನು ಒಂದು ತಟ್ಟೆಯಲ್ಲಿಯೂ ಸತ್ತ ಸೊಳ್ಳೆಗಳನ್ನು ಇನ್ನೊಂದರಲ್ಲಿಯೂ ಇಟ್ಟು ತೂಗಿದರೆ, ತಕ್ಕಡಿ ಯಾವ ಕಡೆ ವಾಲುವುದೆಂದು ಯಾವ ತಾಯಿಯನ್ನೂ ಕೇಳಬೇಕಾಗಿಲ್ಲ. ಆದರೆ ವಿಷವನ್ನೇ ನೆಚ್ಚಿದ ಗೆಲವು ಬಹುಕಾಲ ನಿಲ್ಲಲಿಲ್ಲ. ಸೊಳ್ಳೆಗಳು ವಿಷವನ್ನು ತಡೆದುಕೊಳ್ಳುವ ಶಕ್ತಿ ಪಡೆದುವು, ಕಾರ್ಯದಲ್ಲಿ ಶೈಥಿಲ್ಯವೂ ಸೇರಿತು. 1976ರಲ್ಲಿ ರೋಗಿಗಳ ಸಂಖ್ಯೆ ಮತ್ತೆ ಸುಮಾರು 64 ಲಕ್ಷಕ್ಕೆ ಏರಿತು.

ಇದಕ್ಕೆ ಬಹಳ ಮೊದಲೇ ಬೇರೊಂದು ಉಪಾಯ ಬೆಂಗಳೂರಿನಲ್ಲಿಯೇ ಕಣ್ಣಿಗೆ ಬಿದ್ದಿತ್ತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಒಡಲಿನಲ್ಲಿ ಮಲೇರಿಯಾದ ಬೀಜವನ್ನು ಕಂಡುಹಿಡಿದ ರೊನಾಲ್ಡ್ ರಾಸ್, 1883ರಲ್ಲಿ ಬೆಂಗಳೂರಿನಲ್ಲಿ ಸೇನಾವೈದ್ಯನಾಗಿದ್ದನು. ತನ್ನ ಬಂಗಲೆಯ ಬಳಿ ನಿಂತ ನೀರಿನಲ್ಲಿ ಸೊಳ್ಳೆಗಳು ಹುಟ್ಟುವುದನ್ನೂ, ಆ ನೀರನ್ನು ಇಲ್ಲವಾಗಿಸಿದರೆ ಅವುಗಳ ಕಾಟ ತಗ್ಗುವುದನ್ನೂ ಅವನು ಅಂದೇ ಗಮನಿಸಿದ್ದನು. ಮರಿಗಳಿರುವ ನೀರನ್ನು ಚೆಲ್ಲಿದರೆ ಅದೂ ಕೊಲೆಯೇ. ಆದರೆ ತೊಟ್ಟಿಯನ್ನು ಮುಚ್ಚಿಟ್ಟು, ಮೊಟ್ಟೆಯಿಡಲು ಎಡೆಯನ್ನೇ ಕೊಡದಿದ್ದರೆ ಕೊಲ್ಲಬೇಕಾದ ಜೀವವೇ ಅಲ್ಲಿ ಹುಟ್ಟುವುದಿಲ್ಲ.

ಜೈನ ಮನೆಗಳ ಆಚಾರವೂ ಇದೇ ದಾರಿಯಲ್ಲಿ ನಡೆದುಬಂದಿದೆ. ಅಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸುತ್ತಾರೆ. ದೀಪಕ್ಕೆ ಹುಳು ಮುತ್ತುವ ಮೊದಲೇ ಊಟ ಮುಗಿಸುತ್ತಾರೆ. ಧಾನ್ಯಕ್ಕೆ ಹುಳು ಹಿಡಿಯದಂತೆ ಒಣಗಿಸಿ, ಆರಿಸಿ ಇಡುತ್ತಾರೆ. ಹೊರಗಿನವರಿಗೆ ಇದು ಕೇವಲ ಮಡಿವಂತಿಕೆಯಾಗಿ ಕಂಡೀತು. ಆದರೆ ಕೊಲ್ಲುವ ಪ್ರಸಂಗವೇ ಬಾರದಂತೆ ಹಗಲಿಡೀ ಎಚ್ಚರವಾಗಿರುವ ಈ ಪದ್ಧತಿ, ಪ್ರಸಂಗ ಬಂದಮೇಲೆ ಪಾಪಪುಣ್ಯಗಳ ಲೆಕ್ಕ ಹಾಕುವುದಕ್ಕಿಂತ ಹೆಚ್ಚಿನ ಧರ್ಮ. ಎಂಜಲು ತಟ್ಟೆಯನ್ನು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಇರುವೆಸಾಲಿನ ಮೇಲೆ ಕುದಿನೀರು ಹೊಯ್ಯುವ ಮನೆಯಲ್ಲಿ ನಿಜವಾದ ತಪ್ಪು ನಡೆದದ್ದು ಬೆಳಿಗ್ಗೆಯಲ್ಲ, ಹಿಂದಿನ ರಾತ್ರಿ.

ಹೀಗೆ ನೋಡಿದರೆ, ಆಜ್ಞೆ ಕೀಟಕ್ಕೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಧರ್ಮಗ್ರಂಥಗಳು ಒಂದೇ ಉತ್ತರ ಕೊಡುವುದಿಲ್ಲ. ಮೋಶೆಯ ಆಜ್ಞೆಯ ಅಕ್ಷರ ಮನುಷ್ಯನಲ್ಲಿ ನಿಲ್ಲುತ್ತದೆ. ಬೌದ್ಧರಲ್ಲಿ ಅದು ಕೀಟವನ್ನು ಮುಟ್ಟಿದರೂ ಅಪರಾಧದ ತೂಕ ಬೇರೆಯಾಗುತ್ತದೆ. ಜೈನರಲ್ಲಿ ಅದು ಗಿಡದ ಎಲೆಯವರೆಗೆ ಹೋಗುತ್ತದೆ. ಆದರೆ ಸಣ್ಣ ಜೀವವೆಂಬ ಕಾರಣದಿಂದ ಅಜಾಗರೂಕತೆಗೆ ಒಪ್ಪಿಗೆ ಕೊಟ್ಟ ಗ್ರಂಥ ಇವುಗಳಲ್ಲಿ ಒಂದೂ ಇಲ್ಲ. ಮಕ್ಕಳಿಗೆ ಹೇಳಬಹುದಾದ ಉತ್ತರವೂ ಇದೇ: ಮಗುವಿನ ಪ್ರಾಣಕ್ಕಾಗಿ ಸೊಳ್ಳೆಯನ್ನು ಹೊಡೆಯಬೇಕಾಗಬಹುದು, ವಿನೋದಕ್ಕಾಗಿ ಚಿಟ್ಟೆಯ ರೆಕ್ಕೆ ಕೀಳುವುದಕ್ಕೆ ಯಾವ ಧರ್ಮದಲ್ಲಿಯೂ ಎಡೆಯಿಲ್ಲ. ಹೊಡೆಯಬೇಕಾಗಿ ಬಂದಾಗಲೂ, ಇದು ಬೇಕಿತ್ತೇ ಎಂದು ಒಮ್ಮೆ ಕೇಳಿಕೊಳ್ಳಬೇಕು; ನಾಳೆ ಬೇಡವಾಗುವಂತೆ ಇಂದೇ ತೊಟ್ಟಿಯ ಮುಚ್ಚಳ ಹಾಕಬೇಕು.