ಕೈಗೆಟಕುವ ಹಿಡಿಕೆ

ಸಹೋದರಿಯರೇ, ತುಂಬಿದ ಬಸ್ಸಿನಲ್ಲಿ ಮೇಲಿನ ಹಿಡಿಕೆ ಎಟಕದೆ ತುದಿಗಾಲಲ್ಲಿ ನಿಂತ ನೆನಪು ನಿಮಗಿರಬಹುದು. ನಮ್ಮ ಎತ್ತರವೇ ಕಡಿಮೆಯೆಂದು ಸುಮ್ಮನಾಗುತ್ತೇವೆ.

ಟೋಕಿಯೋದ ಚುವೋ ಮಾರ್ಗದಲ್ಲಿ 2006ರ ಡಿಸೆಂಬರ್‌ನಲ್ಲಿ ಓಡಾಟ ಆರಂಭಿಸಿದ ಇ233 ಎಂಬ ವಿದ್ಯುತ್ ರೈಲನ್ನು ನೋಡಿ. ಮಹಿಳೆಯರ ಬೋಗಿಯಲ್ಲಿ, ವೃದ್ಧರು ಮತ್ತು ಗರ್ಭಿಣಿಯರ ಆಸನಗಳ ಬಳಿ ಹಿಡಿಕೆಗಳನ್ನೂ ಸಾಮಾನಿಡುವ ಹಲಗೆಯನ್ನೂ ತಗ್ಗಿಸಿದ್ದಾರೆ. ಹತ್ತುವಾಗ ಎಡವದಿರಲೆಂದು ಹಳೆಯ ರೈಲಿಗಿಂತ ನೆಲವನ್ನೂ ತಗ್ಗಿಸಿದ್ದಾರೆ. ಒಬ್ಬರಿಗೆ 46 ಸೆಂಟಿಮೀಟರ್ ಅಗಲದ ಆಸನ. ಮುಖ್ಯ ಸಾಧನಗಳು ಜೋಡಿಯಾಗಿರುವುದರಿಂದ ಒಂದು ಕೆಟ್ಟರೂ ರೈಲು ದಾರಿಯಲ್ಲಿ ನಿಲ್ಲದೆ ಸಾಗಬಲ್ಲದು.

ಈ ಮಾರ್ಗದಲ್ಲಿ ಮಹಿಳೆಯರಿಗೆ ಬೋಗಿ ಮೀಸಲಾದದ್ದು 2005ರಲ್ಲಿ. ಕಾರಣ ಮಾತ್ರ ಕಹಿ: ಬೆಳಗಿನ ಜನಜಂಗುಳಿಯಲ್ಲಿ ಹೆಣ್ಣುಮಕ್ಕಳ ಮೈಮುಟ್ಟುವವರ ಕಾಟ. ಕೆಲಸದ ದಿನಗಳ ಬೆಳಿಗ್ಗೆ ಟೋಕಿಯೋ ಕಡೆಗೆ ಹೋಗುವಾಗ ಮಾತ್ರ ಈ ಏರ್ಪಾಡು. ಚಿಕ್ಕ ಹುಡುಗರು, ಅಂಗವಿಕಲರು ಮತ್ತು ಅವರ ಜೊತೆಗಾರರೂ ಅದನ್ನು ಹತ್ತಬಹುದು.

ಬೋಗಿ ಬೇರೆ ಮಾಡಿದ ಮಾತ್ರಕ್ಕೆ ಕಾಟ ಕೊಡುವವನು ತಿದ್ದಿಕೊಳ್ಳುವುದಿಲ್ಲ. ಅವನನ್ನು ತಿದ್ದುವ ಕೆಲಸ ಮನೆಯಿಂದಲೇ ಶುರುವಾಗಬೇಕು. ಆದರೆ ಎಟಕದ ಹಿಡಿಕೆಯನ್ನು ತಗ್ಗಿಸುವುದು ಅಷ್ಟು ಕಷ್ಟವಲ್ಲ. ಅದಕ್ಕೆ ಯಾರಾದರೂ ಒಮ್ಮೆ ನಮ್ಮನ್ನು ನೆನೆಯಬೇಕು, ಅಷ್ಟೇ.

ಅಂದಹಾಗೆ, ನಿಮ್ಮ ಅಡುಗೆಮನೆಯ ಮೇಲಿನ ಕಪಾಟನ್ನು ಮಾಡಿಸಿದ್ದು ಯಾರ ಎತ್ತರಕ್ಕೆ?